ಕೆಂಪು ವೈರಿನ ಗಂಟು

ನಾನು ಮಾಡಿಕೊಟ್ಟ ಲೈಟು ಸ್ವಿಚ್ ಆಫ್ ಮಾಡಿದ ಮೇಲೂ ಉರಿಯುತ್ತಿದೆ ಎಂದು ಬುಕ್ಕಾಂಬುಧಿಯ ತೀರ್ಥಮ್ಮ ಫೋನ್ ಮಾಡಿದಾಗ ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ನನ್ನ ಕೆಲಸದಲ್ಲಿ ಯಾರಾದರೂ ಕೊಂಕು ತೆಗೆದರೆ ನನಗೆ ಮೊದಲು ಬರುವುದು ಅದೇ.

"ಪೂರಾ ಉರಿಯಲ್ಲ ಕಣೇ ಸುಮೇರಾ. ಮಿಣ್ಣಗೆ. ಬೂದಿಯೊಳಗಿನ ಕೆಂಡ ಇರುತ್ತಲ್ಲ, ಹಂಗೆ. ಅಮೂಲ್ಯಾ ಆ ಕೋಣೆಗೆ ಕಾಲಿಡಲ್ಲ ಅಂತ ಕೂತವ್ಳೆ. ನಾನಂದೆ, ಹೆದರ್ಬೇಡ, ನಮ್ಮ ಸಾಬ್ರೇ ಬಂದಿರ್ತಾರೆ ಅಂತ."

ಅವರು ಸಾಬ್ರು ಎಂದದ್ದು ನನ್ನ ಅಬ್ಬಾನನ್ನು. ಅಜ್ಜಂಪುರದಲ್ಲಿ ವೈರಿಂಗ್ ವಹಾಬ್ ಎಂದರೆ ಗೊತ್ತಿಲ್ಲದವರಿರಲಿಲ್ಲ. ಮೂರು ವರ್ಷದ ಹಿಂದೆ ತೀರ್ಥಮ್ಮನ ಮನೆಯ ಅದೇ ಕೋಣೆಯಲ್ಲಿ ಬಲ್ಬಿನ ಹೋಲ್ಡರ್ ಬದಲಾಯಿಸಲು ಹೋಗಿ ಕರೆಂಟ್ ಹೊಡೆದು ತೀರಿಕೊಂಡರು. ಆಮೇಲೆ ತೀರ್ಥಮ್ಮ ಕೋಣೆಗೆ ಬೀಗ ಹಾಕಿಬಿಟ್ಟಿದ್ದರು. ಈಗ ಮೊಮ್ಮಗಳು ಅಮೂಲ್ಯಾ ಹೊಲಿಗೆ ಮೆಷಿನ್ ತಂದಳು, ಜಾಗ ಬೇಕಾಯಿತು, ಬೀಗ ತೆಗೆದರು. ಲೈಟು ಮಾತ್ರ ಸಾಬರ ಮಗಳೇ ಮಾಡಿಕೊಡಬೇಕು ಎಂದು ಹಟ ಹಿಡಿದರು. ನಾನು ಮಾಡಿ ಅಮೂಲ್ಯಾಳ ಕೈಗೆ ಕೊಟ್ಟು ಕಳಿಸಿದೆ. ಗೋಡೆಗೆ ಹೊಡೆದು ಎರಡು ವೈರು ಕೂಡಿಸುವ ಕೆಲಸವನ್ನು ಆ ಊರಿನ ತಿಮ್ಮೇಶನಿಂದ ಮಾಡಿಸಿಕೊಳ್ಳಿ ಎಂದೆ. ಆ ಕೋಣೆಗೆ ಹೋಗುವ ಧೈರ್ಯ ನನಗಿರಲಿಲ್ಲ ಎಂಬುದು ನಿಜ.

ಎಲ್‌ಇಡಿ ಲೈಟು ಮಾಡುವುದು ನನಗೆ ಅನ್ನದ ದಾರಿ. ಅಲ್ಯೂಮಿನಿಯಂ ಪಟ್ಟಿಯ ಮೇಲೆ ಅಕ್ಕಿಕಾಳಿನಂಥ ಎಲ್‌ಇಡಿಗಳನ್ನು ಸಾಲಾಗಿ ಬೆಸೆಯುತ್ತೇನೆ. ಹಿಂದೆ ಡ್ರೈವರ್ ಕೂರಿಸುತ್ತೇನೆ. ಡ್ರೈವರ್ ಎಂದರೆ ಕಡೂರು ಬಸ್ಸಿನವನಲ್ಲ. ಮನೆಗೆ ಬರುವ ಒರಟು ಕರೆಂಟನ್ನು ಪಳಗಿಸಿ ಎಲ್‌ಇಡಿಗೆ ಎಷ್ಟು ಬೇಕೋ ಅಷ್ಟನ್ನೇ ಕೊಡುವ ಸಣ್ಣ ಡಬ್ಬಿ. ಎಲ್‌ಇಡಿಗಳು ಸುಲಭಕ್ಕೆ ಕೆಡುವುದಿಲ್ಲ, ಕೆಡುವುದು ಈ ಡಬ್ಬಿ. ತೀರ್ಥಮ್ಮನ ಲೈಟಿಗೆ ಮನೆಯಲ್ಲಿ ಉಳಿದಿದ್ದ ಅಗ್ಗದ ಡ್ರೈವರ್ ಹಾಕಿದ್ದೆ. ಅದರ ಮೇಲೇ ಅನುಮಾನ ಬಂತು.

ಫೋನ್ ಬಂದಾಗ ಅಮ್ಮಿ ಎದುರಿಗೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ರಿಂಗ್ ಆದ ಕೂಡಲೇ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟರು. ಮೂರು ವರ್ಷದಿಂದ ಹೀಗೇ. ಅಮ್ಮಿ ಫೋನ್ ಮುಟ್ಟುವುದಿಲ್ಲ. ಅಬ್ಬಾ ಸ್ಟೂಲಿನ ಮೇಲೆ ನಿಂತಿದ್ದಾಗ, ಬರುವಾಗ ಕೊತ್ತಂಬರಿ ತನ್ನಿ ಎಂದು ಹೇಳಲು ಫೋನ್ ಮಾಡಿದ್ದು ಅಮ್ಮಿ. ಜೇಬಿನಲ್ಲಿ ಫೋನ್ ಬಡಿದುಕೊಂಡಿತು, ಅಬ್ಬಾನ ಗಮನ ಅತ್ತ ಹೋಯಿತು, ಕೈ ಹೋಲ್ಡರಿಗೆ ತಾಗಿತು. ತರೀಕೆರೆ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಎಲ್ಲ ಮುಗಿಯಿತು.

ಸ್ವಿಚ್ ಆಫ್ ಮಾಡಿರಲಿಲ್ಲವೇ ಎಂದು ಎಲ್ಲರೂ ಕೇಳಿದರು. ತೀರ್ಥಮ್ಮ ಮಾತ್ರ, "ಆಫ್ ಮಾಡಿದ್ರು ಕಣ್ರಪ್ಪಾ, ನಾನೇ ಕಣ್ಣಾರೆ ಕಂಡಿದೀನಿ," ಎಂದು ಬಡಕೊಂಡರು. ವಯಸ್ಸಾದವರು, ಕಣ್ಣಿಗೆ ಪೊರೆ ಬೇರೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನಂತೂ ನಂಬಲೇ ಇಲ್ಲ. ನಲವತ್ತನೇ ದಿನದ ಫಾತೇಹಾ ಮುಗಿದ ಸಂಜೆ, ತಡೆಯಲಾಗದೆ, ಅಮ್ಮಿಯ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ: "ಆ ಹೊತ್ತಿಗೇ ಫೋನ್ ಮಾಡಬೇಕಿತ್ತಾ ನಿಮಗೆ? ಒಂದು ಕಟ್ಟು ಕೊತ್ತಂಬರಿಗೆ?"

ಆಡಿದ ಮಾತು, ಒಡೆದ ಮುತ್ತು. ಅಮ್ಮಿ ಅಂದಿನಿಂದ ಫೋನ್ ಮುಟ್ಟಲಿಲ್ಲ, ನಾನೂ ಕ್ಷಮೆ ಕೇಳಲಿಲ್ಲ.

ಮರುದಿನ ಕಡೂರಿಗೆ ಹೋಗಿ ಒಳ್ಳೆಯ ಡ್ರೈವರ್ ತಂದೆ. ಒಳಬರುವ ಕರೆಂಟಿಗೂ ಎಲ್‌ಇಡಿಗೂ ನಡುವೆ ನೇರ ಸಂಬಂಧವೇ ಇರದಂತೆ ಬೇರೆ ಮಾಡುವ ಜಾತಿಯದು. ಅದರ ಮರುದಿನ ಸ್ಕೂಟಿ ಹತ್ತಿ ಬುಕ್ಕಾಂಬುಧಿಗೆ ಹೋದಾಗ ಮಧ್ಯಾಹ್ನದ ಹನ್ನೆರಡು. ಕೆರೆ ಏರಿಯ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಆದರೆ ಆ ಕೋಣೆಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ಹಿಂದೆ ರಾಗಿ ಮೂಟೆ ಇಡುತ್ತಿದ್ದ ಜಾಗ, ಕಿಟಕಿಯಿಲ್ಲ.

ಬಾಗಿಲು ತಳ್ಳಿ ನಿಂತೆ. ಸ್ವಿಚ್ ಆಫ್ ಆಗಿತ್ತು. ಎದುರು ಗೋಡೆಯ ಮೇಲೆ ನಾನು ಬೆಸೆದ ಹದಿನೆಂಟು ಕಾಳುಗಳೂ ಮಸುಕಾಗಿ ಉರಿಯುತ್ತಿದ್ದವು. ಬೆಳಕು ಗೋಡೆಯಿಂದ ಕೆಳಗೆ ಇಳಿಯುತ್ತಿರಲಿಲ್ಲ. ಕತ್ತಲೆಯಲ್ಲಿ ಯಾರೋ ಕಣ್ಣು ಅರೆತೆರೆದು ನನ್ನನ್ನೇ ನೋಡುತ್ತಿದ್ದಂತಿತ್ತು. ಸುಳ್ಳು ಹೇಳುವುದಿಲ್ಲ, ಆಗ ನನಗೆ ಹೆದರಿಕೆಯಾಯಿತು.

"ನೋಡ್ದಾ?" ತೀರ್ಥಮ್ಮ ಹಿಂದಿನಿಂದ ಪಿಸುಗುಟ್ಟಿದರು. "ನಾನು ದಿನಾ ಬಂದು ಮಾತಾಡಿಸ್ತೀನಿ. ಸಾಬ್ರೇ, ಏನ್ ಹೇಳ್ಬೇಕೋ ಹೇಳ್ರೀ ಅಂತೀನಿ."

"ಅಜ್ಜಿ, ಇದು ಡ್ರೈವರ್ ಕೆಟ್ಟಿರೋದು. ಸುಮ್ನಿರಿ," ಎಂದು ಗದರಿದೆ. ಗದರಿದ್ದು ಅವರನ್ನಲ್ಲ, ನನ್ನನ್ನೇ.

ಮೇನ್ ತೆಗೆದು, ಅಮೂಲ್ಯಾಳ ಮೊಬೈಲ್ ಟಾರ್ಚಿನಲ್ಲಿ ಹೊಸ ಡ್ರೈವರ್ ಕೂರಿಸಿದೆ. ಮೇನ್ ಹಾಕಿದೆ. ಲೈಟು ಹಾಲಿನಂತೆ ಬೆಳಗಿತು, ಸ್ವಿಚ್ ಆಫ್ ಮಾಡಿದರೆ ಪೂರ್ತಿ ಕತ್ತಲು. ನನಗೆ ಹೋದ ಜೀವ ಬಂದಂತಾಯಿತು. ತೀರ್ಥಮ್ಮನ ಮುಖ ಮಾತ್ರ ಬಾಡಿತು.

"ಹೋಗ್ಬಿಟ್ರಾ?" ಎಂದರು.

ನಾನು ಸ್ಕ್ರೂಡ್ರೈವರ್, ಇಕ್ಕಳ ಎಲ್ಲ ಚೀಲಕ್ಕೆ ತುಂಬಿಕೊಳ್ಳುತ್ತಿದ್ದೆ. ಪಟ್ಟನೆ ಕೋಣೆ ಒಮ್ಮೆ ಬೆಳ್ಳಗಾಯಿತು. ಮತ್ತೆ ಕತ್ತಲು. ಅಮೂಲ್ಯಾ ಚೀರಿ ಹೊರಗೋಡಿದಳು. ನಾನು ನಿಂತಲ್ಲೇ ಎಣಿಸಿದೆ. ಐವತ್ತಕ್ಕೆ ಹತ್ತಿರ ಬಂದಾಗ ಇನ್ನೊಮ್ಮೆ ಮಿನುಗಿತು. ಮತ್ತೆ ಅಷ್ಟೇ ಹೊತ್ತು ಬಿಟ್ಟು ಮತ್ತೊಮ್ಮೆ.

ಈಗ ಬುದ್ಧಿ ಓಡಿತು. ಡಬ್ಬಿ ಹೊಸದು, ತಪ್ಪು ಅದರದಲ್ಲ. ಎಲ್ಲಿಂದಲೋ ಕರೆಂಟು ತೊಟ್ಟು ತೊಟ್ಟಾಗಿ ಜಿನುಗಿ ಬರುತ್ತಿದೆ. ಹಳೆಯ ಡ್ರೈವರ್ ಅದನ್ನು ಹಾಗೇ ಎಲ್‌ಇಡಿಗೆ ಬಿಡುತ್ತಿತ್ತು. ಇದು ಕೂಡಿಟ್ಟುಕೊಂಡು, ಸಾಕಾದಾಗ ಒಮ್ಮೆಗೇ ಉಗುಳುತ್ತಿದೆ. ಆದರೆ ಸ್ವಿಚ್ ಆಫ್ ಇರುವಾಗ ಕರೆಂಟು ಬರುವುದಾದರೂ ಎಲ್ಲಿಂದ?

ಟೆಸ್ಟರ್ ತೆಗೆದು ಲೈಟಿನ ಹಿಂದೆ ವೈರು ಸೇರುವಲ್ಲಿ ಇಟ್ಟೆ. ಟೆಸ್ಟರಿನೊಳಗೆ ಕೆಂಪು ದೀಪ ಹತ್ತಿತು. ಸ್ವಿಚ್ ಆಫ್ ಇದ್ದರೂ ಅಲ್ಲಿ ಫೇಸ್ ಇತ್ತು. ಎಂದರೆ ಸ್ವಿಚ್ಚು ಕಡಿಯುತ್ತಿದ್ದದ್ದು ಕರೆಂಟು ಬರುವ ಫೇಸನ್ನಲ್ಲ, ವಾಪಸ್ ಹೋಗುವ ನ್ಯೂಟ್ರಲ್ಲನ್ನು. ಆಫ್ ಮಾಡಿದರೆ ಬಲ್ಬು ಆರುತ್ತದೆ, ಹೋಲ್ಡರಿನಲ್ಲಿ ಮಾತ್ರ ಸಾವು ಹಾಗೇ ಕೂತಿರುತ್ತದೆ.

ಅಬ್ಬಾ ಸ್ವಿಚ್ ಆಫ್ ಮಾಡಿಯೇ ಕೈ ಇಟ್ಟಿದ್ದರು. ಪೊರೆ ಬಂದ ಕಣ್ಣು ಸರಿಯಾಗಿಯೇ ನೋಡಿತ್ತು.

ನನಗೆ ಮೊದಲು ಬಂದದ್ದು ಮತ್ತೆ ಸಿಟ್ಟೇ. "ಯಾರು ಅಜ್ಜಿ ಈ ಬೋರ್ಡ್ ಮುಟ್ಟಿದ್ದು? ಆ ತಿಮ್ಮೇಶನಾ?"

"ಅವ್ನು ಲೈಟು ಹೊಡೆದು ಹೋದ ಅಷ್ಟೆ. ಬೋರ್ಡು ನಿಮ್ಮಪ್ಪ ಹಾಕಿದ್ದೇ ಕಣೇ. ನೀನೂ ಬಂದಿದ್ದೆ. ಇನ್ನೂ ಲಂಗ ಹಾಕ್ತಿದ್ದೆ. ಜಗಲಿ ಮೇಲೆ ಮೂತಿ ಊದಿಸ್ಕೊಂಡು ಕೂತಿದ್ದೆ, ನಾನು ಕೊಬ್ಬರಿ ಬೆಲ್ಲ ಕೊಟ್ರೂ ತಿನ್ನಲಿಲ್ಲ."

ನಾನು ಬೋರ್ಡಿನ ಕಡೆ ತಿರುಗಿದೆ.

ಇಲ್ಲೊಂದು ಗುಟ್ಟು ಹೇಳಬೇಕು. ಅಬ್ಬಾಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪು ವೈರು, ಕಪ್ಪು ವೈರು ಎರಡೂ ಅವರಿಗೆ ಕಪ್ಪೇ. ವೈರಿಂಗ್ ಮಾಡುವವನಿಗೆ ಬಣ್ಣ ತಿಳಿಯದು ಎಂದರೆ ಯಾರು ಕೆಲಸ ಕೊಡುತ್ತಾರೆ? ಅದಕ್ಕೇ ನನ್ನನ್ನು ಕರೆದೊಯ್ಯುತ್ತಿದ್ದರು. ಫೇಸಿಗೆ ಹೋಗುವ ಕೆಂಪು ವೈರಿನ ಎರಡೂ ತುದಿಗೆ ಒಂದೊಂದು ಗಂಟು ಹಾಕುವುದು ನನ್ನ ಕೆಲಸ. ಅಬ್ಬಾ ಕತ್ತಲೆಯಲ್ಲೂ ಬೆರಳಿನಿಂದ ಗಂಟು ಮುಟ್ಟಿ ನೋಡಿ ಜೋಡಿಸುತ್ತಿದ್ದರು. ಬೇರೆಯವರು ವೈರಿಂಗ್ ಮಾಡಿದ ಮನೆಯಲ್ಲಿ ಟೆಸ್ಟರ್ ಇಡದೆ ಸ್ಕ್ರೂ ಬಿಚ್ಚುತ್ತಿರಲಿಲ್ಲ. ತಾವೇ ಮಾಡಿದ ಮನೆಯಲ್ಲಿ ಟೆಸ್ಟರ್ ಜೇಬಿನಿಂದ ಹೊರಗೇ ಬರುತ್ತಿರಲಿಲ್ಲ. "ನನ್ನ ಮಗಳು ಹಾಕಿದ ಗಂಟು, ಅದನ್ನೇನು ಪರೀಕ್ಷೆ ಮಾಡೋದು," ಎನ್ನುತ್ತಿದ್ದರು.

ಮೇನ್ ತೆಗೆದು ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಹನ್ನೊಂದು ವರ್ಷದ ಧೂಳು, ಜೇಡನ ಬಲೆ. ಬೆರಳಿನಿಂದ ಒರೆಸಿದೆ. ಗಂಟು ಇತ್ತು, ಕಪ್ಪು ವೈರಿಗೆ.

ಮೇನಿನ ಪೆಟ್ಟಿಗೆಯನ್ನೂ ಬಿಚ್ಚಿ ನೋಡಿದೆ. ಅಲ್ಲಿ ಗಂಟು ಕೆಂಪಿಗೇ ಇತ್ತು. ಆ ತುದಿ ಸರಿ, ಈ ತುದಿ ತಪ್ಪು. ಅಬ್ಬಾ ಗಂಟು ಮುಟ್ಟಿ ನೋಡಿ ಕಪ್ಪನ್ನೇ ಸ್ವಿಚ್ಚಿಗೆ ಕೊಟ್ಟಿದ್ದರು.

ಎಲ್ಲ ನೆನಪಾಯಿತು. ಆಗ ನನಗೆ ಹದಿಮೂರು. ಅವತ್ತು ಊರಿನಲ್ಲಿ ಗೆಳತಿ ರುಬೀನಾಳ ಅಕ್ಕನ ಮೆಹಂದಿ. ಅಬ್ಬಾ ಹೋಗಗೊಡದೆ ಇಲ್ಲಿಗೆ ಎಳೆದುಕೊಂಡು ಬಂದಿದ್ದರು. ಜಗಲಿಯ ಮೇಲೆ ಎರಡು ವೈರು ಹಿಡಿದು ಕೂತವಳಿಗೆ, ಕಪ್ಪಿಗೆ ಗಂಟು ಹಾಕಿದರೆ ಅಬ್ಬಾಗೆ ಏನು ಗೊತ್ತಾಗುತ್ತದೆ, ಕೆಲಸ ಕೆಡಲಿ, ಬೈಸಿಕೊಳ್ಳಲಿ ಎಂಬ ಯೋಚನೆ ಬಂದಿತ್ತು. ಯೋಚನೆ ಬಂದದ್ದು ಚೆನ್ನಾಗಿ ನೆನಪಿದೆ. ಬೇಕೆಂದೇ ಹಾಕಿದೆನೋ, ಸಿಟ್ಟಿನಲ್ಲಿ ಕೈ ತಪ್ಪಿತೋ, ಎಷ್ಟು ತಡಕಿದರೂ ನೆನಪಾಗುತ್ತಿಲ್ಲ. ಬಲ್ಬು ಹತ್ತಿತು, ಅಬ್ಬಾ ನನ್ನ ತಲೆ ಸವರಿದರು, ನಾನು ಅದನ್ನು ಮರೆತುಬಿಟ್ಟೆ.

ಕಪ್ಪು ವೈರಿನಿಂದ ಗಂಟಿನ ತುಂಡನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಕೆಂಪನ್ನು ಸ್ವಿಚ್ಚಿಗೆ ಕೊಟ್ಟೆ, ಟೆಸ್ಟರ್ ಇಟ್ಟು ಮೂರು ಸಲ ನೋಡಿದೆ. ಆಫ್ ಮಾಡಿ ಕತ್ತಲೆಯಲ್ಲಿ ಬಹಳ ಹೊತ್ತು ನಿಂತೆ. ಒಮ್ಮೆಯೂ ಮಿನುಗಲಿಲ್ಲ. ತೀರ್ಥಮ್ಮ ಏನಾಗಿತ್ತು ಎಂದು ಕೇಳಿದರು. "ವೈರು ಅದಲು ಬದಲಾಗಿತ್ತು," ಎಂದಷ್ಟೇ ಹೇಳಿದೆ.

ವಾಪಸ್ಸು ಬರುವಾಗ ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿದೆ. ಆ ತುಂಡನ್ನು ನೀರಿಗೆ ಎಸೆದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಅಮ್ಮಿ ಹೇಗೂ ಆ ಫೋನಿನ ಭಾರ ಹೊರಲು ಕಲಿತಿದ್ದಾರೆ. ಇಷ್ಟು ನೀಚಳಾಗಿ ಯೋಚಿಸಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಕೈ ಎತ್ತಿದೆ ಕೂಡ. ಬೆರಳಿಗೆ ಗಂಟು ತಾಗಿತು. ಅಬ್ಬಾನ ಬೆರಳಿಗೂ ಹೀಗೇ ತಾಗಿರಬೇಕು ಅನಿಸಿತು. ಎಸೆಯಲಾಗಲಿಲ್ಲ.

ಮನೆಗೆ ಬಂದಾಗ ಅಮ್ಮಿ ಇಳಿಹೊತ್ತಿನ ಅಸರ್ ನಮಾಜ್ ಮುಗಿಸಿ ಚಾಪೆ ಮಡಚುತ್ತಿದ್ದರು. ನನ್ನ ಮುಖ ನೋಡಿ, "ಕ್ಯಾ ಹುವಾ ಮಾ?" ಎಂದರು. ನಾನು ಅವರ ಅಂಗೈ ಬಿಡಿಸಿ ವೈರಿನ ತುಂಡು ಇಟ್ಟೆ. ಎಲ್ಲವನ್ನೂ ಹೇಳಿದೆ. ಮೆಹಂದಿ, ಜಗಲಿ, ಆ ಕೆಟ್ಟ ಯೋಚನೆ, ಕೆರೆ ಏರಿ, ಒಂದನ್ನೂ ಬಿಡಲಿಲ್ಲ. "ಅಬ್ಬಾ ಸತ್ತಿದ್ದು ನಿಮ್ಮ ಫೋನಿನಿಂದಲ್ಲ ಅಮ್ಮಿ. ನನ್ನಿಂದ," ಎಂದೆ.

ಅಮ್ಮಿ ಅಳಲಿಲ್ಲ, ನನ್ನನ್ನು ಮುಟ್ಟಲೂ ಇಲ್ಲ. ಆ ತುಂಡನ್ನು ಕಣ್ಣಿನ ಹತ್ತಿರ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಕಪ್ಪು ಹೌದೋ ಅಲ್ಲವೋ ಎಂದು ನೋಡಿದರು. ಅವರು ನನ್ನನ್ನು ಬೈದುಬಿಟ್ಟರೆ ಸಾಕು ಎಂದು ನಾನು ಕಾದೆ.

ಆಗ ನನ್ನ ಫೋನ್ ರಿಂಗಾಯಿತು. ನಾನು ಏಳಲಿಲ್ಲ. ಅದು ಬಡಿದುಕೊಂಡು ನಿಂತಿತು, ಮತ್ತೆ ಶುರುವಾಯಿತು. ಅಮ್ಮಿ ಎದ್ದರು. ಅಡುಗೆಮನೆಗೆ ಹೋಗುತ್ತಾರೆ ಎಂದುಕೊಂಡೆ. ಅವರು ಮೇಜಿನ ಬಳಿಗೆ ಹೋದರು. ಫೋನ್ ಎತ್ತಿ ಕಿವಿಗಿಟ್ಟರು.

"ಹಲೋ. ನಾನು ಚಾಂದ್ ಬಿ ಮಾತಾಡ್ತಿರೋದು."

ತೀರ್ಥಮ್ಮನ ಧ್ವನಿ ನಾನಿದ್ದಲ್ಲಿಗೂ ಕೇಳಿತು. "ಅಯ್ಯೋ ನೀವೇನಮ್ಮಾ! ಎಷ್ಟು ವರ್ಷ ಆಯ್ತು ನಿಮ್ಮ ಧ್ವನಿ ಕೇಳಿ. ಕೋಣೆ ಪೂರಾ ಕತ್ತಲಾಗೈತೆ ಕಣಮ್ಮಾ. ಸಾಬ್ರು ಹೋಗ್ಬಿಟ್ರು ಅನ್ಸುತ್ತೆ. ಯಾಕೋ ಬೇಜಾರಾಯ್ತು, ಅದಕ್ಕೆ ಮಾಡ್ದೆ."

"ಇಲ್ಲಿಗೆ ಬಂದವ್ರೆ, ತೀರ್ಥಮ್ಮೋರೇ," ಎಂದರು ಅಮ್ಮಿ, ವೈರಿನ ತುಂಡಿದ್ದ ಮುಷ್ಟಿ ಬಿಗಿಹಿಡಿದು. "ನೀವು ಅವತ್ತು ಹೇಳಿದ್ದು ನಿಜ. ಸ್ವಿಚ್ ಆಫ್ ಮಾಡಿದ್ರು."

"ನಾನು ಹೇಳಿರ್ಲಿಲ್ವಾ! ಮತ್ತೆ ಏನ್ ತಪ್ಪಾಗಿತ್ತಮ್ಮಾ?"

ಅಮ್ಮಿ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

"ಗಂಟು ತಪ್ಪಿತ್ತು. ಮಗು ಹಾಕಿದ್ದು. ಮಕ್ಕಳ ಕೈಗೆ ಅಂಥ ಕೆಲ್ಸ ಕೊಡ್ಬಾರ್ದಿತ್ತು ಅವರು."

ಫೋನ್ ಇಟ್ಟು ನನ್ನ ಪಕ್ಕ ಬಂದು ಕೂತರು. ವೈರಿನ ಗಂಟನ್ನು ಉಗುರಿನಿಂದ ಬಿಚ್ಚಲು ನೋಡಿದರು, ಹಲ್ಲಿನಿಂದಲೂ ನೋಡಿದರು. ಹನ್ನೊಂದು ವರ್ಷದಲ್ಲಿ ಅದು ಕಲ್ಲಾಗಿತ್ತು, ಬಿಚ್ಚಲಿಲ್ಲ. ಕೊನೆಗೆ ಅದನ್ನು ನನ್ನ ಕೈಗೆ ಕೊಟ್ಟು, "ಇದು ನಿನ್ನ ಹತ್ತಿರ ಇರಲಿ, ಇದರ ಭಾರ ನನ್ನ ಹತ್ತಿರ ಮೂರು ವರ್ಷ ಇತ್ತು," ಎಂದರು.