ಹನೋಕನ ಮೇಲೆ ಬಿಳಿ ಚೀಟಿ

ಮೈಕಿನ ತಲೆಗೆ ಹಾಕಿದ ಕೆಂಪು ಸ್ಪಂಜು ಒಂದು ಕಡೆ ಕಿತ್ತುಹೋಗಿದೆ, ಸುಮ್ಮನೆ ಕೂರಲಾಗದ ಯಾವುದೋ ಬೆರಳು ಕಿತ್ತಿರಬೇಕು, ಬೆಳಿಗ್ಗೆಯಿಂದ ಎಲ್ಲಿ ನೋಡಿದರೂ ಬೆರಳೇ, ಸಾಕು ರೇವತಿ, ಈ ಕೀರ್ತನೆ ಮುಗಿದರೆ ನಿನ್ನ ಹೆಸರು ಕರೆಯುತ್ತಾರೆ, ಎದ್ದು ಹೋಗಿ ಪಾಠ ಓದಬೇಕು, ಅಪ್ಪ ತೀರಿಕೊಂಡು ತಿಂಗಳಾಯಿತು, ತಿಂಗಳ ಆರಾಧನೆಯಲ್ಲಿ ಬೈಬಲ್ ಪಾಠವನ್ನು ಮನೆಯವರೇ ಓದುವುದು ಹಲಸೂರಿನ ನಮ್ಮ ಸಭೆಯ ಪದ್ಧತಿ, ಯಾವ ಪಾಠ ಎನ್ನುವುದನ್ನು ಮಾತ್ರ ನಮ್ಮ ಪಾದ್ರಿ ಸುನೀಲ್ ಅಯ್ಯನವರು ಆರಿಸುತ್ತಾರೆ, ಆರಿಸಿದ್ದಾರೆ, ಎಂಥದ್ದನ್ನು ಆರಿಸಿದ್ದಾರೆ ಪುಣ್ಯಾತ್ಮರು! ಶುಕ್ರವಾರ ಫೋನಿನಲ್ಲಿ, ನಿಮ್ಮಪ್ಪಂಗೆ ಹನೋಕ ಅಂದ್ರೆ ಪ್ರಾಣ ಅಲ್ವೇನಮ್ಮಾ, ಹನೋಕ ಬರೋ ಪಾಠಾನೇ ಓದ್ಬಿಡು, ಚೆನ್ನಾಗಿರುತ್ತೆ. ಚೆನ್ನಾಗಿರುತ್ತಂತೆ. ಬೇಕೆಂದೇ ಚುಚ್ಚಿದ್ದರೆ ಒಂದು ಮಾತಾಡಿ ಫೋನ್ ಇಡುತ್ತಿದ್ದೆ, ಈ ಮನುಷ್ಯ ಚುಚ್ಚಲೂ ಇಲ್ಲ, ಮರೆತಿದ್ದಾರೆ, ಪೂರ್ತಿ ಮರೆತಿದ್ದಾರೆ, ಅದಕ್ಕೇ ನನಗೆ ಇಷ್ಟು ಸಿಟ್ಟು. ಇವತ್ತು ಹೇಳೇ ಹೇಳುತ್ತೇನೆ, ಪಾಠ ಮುಗಿದ ಮೇಲೆ ಇದೇ ಮೈಕಿನಲ್ಲಿ, ಅಪ್ಪ ಬರೆದ ಮೂರು ಸಾಲನ್ನು ಎಲ್ಲರ ಮುಂದೆ ಹೇಳಿಯೇ ಕೆಳಗಿಳಿಯುತ್ತೇನೆ, ಯಾರು ತಡೆಯುತ್ತಾರೋ ನೋಡೋಣ.

ಮೂರೇ ಸಾಲು. ಯಾದಗಿರಿಯಿಂದ ಬಂದು ಶಿವಾಜಿನಗರದ ಗಲ್ಲಿಯಲ್ಲಿ ಗಯಾಜ್ ಭಾಯಿಯ ಪ್ರೆಸ್ಸಿನಲ್ಲಿ ಮೊದಲು ಅಚ್ಚಿನ ಮೊಳೆ ಜೋಡಿಸಿ, ಆಮೇಲೆ ಕಂಪ್ಯೂಟರ್ ಕಲಿತು, ಕಣ್ಣು ಸವೆಯುವವರೆಗೂ ಕಂಡವರ ಬರಹ ತಿದ್ದಿದ ನನ್ನಪ್ಪ ಜಟ್ಟೆಪ್ಪ ಸ್ವಂತಕ್ಕೆ ಬರೆದದ್ದು ಅಷ್ಟೇ, ದೇವಜ್ಞಾನ ಓದುವ ಯಾರೋ ಟೈಪಿಗೆ ತಂದುಕೊಟ್ಟ ಪ್ರಬಂಧದಿಂದ ಹತ್ತಿದ ಹುಚ್ಚು, ಕಮ್ಮನಹಳ್ಳಿಯ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನನ್ನೆದುರು ಶುರು, ಕೇಳಿಲ್ಲಿ ಅವ್ವಾ, ಯೇಸುಸ್ವಾಮಿ ಹುಟ್ಟೂಕಿಂತ ಎಷ್ಟೋ ಮೊದ್ಲು ಯೆಹೂದ್ಯರು ನೋಹನ ಮುತ್ತಾತ ಹನೋಕನ ಹೆಸರಿನ್ಯಾಗ ಒಂದು ಪುಸ್ತಕಾನೇ ಬರದಿಟ್ಟಾರ, ನಮ್ಮ ಬೈಬಲ್‌ನ್ಯಾಗ ಸೇರ್ಸಲಿಲ್ಲ, ಆದ್ರ ಬಿದ್ದ ದೂತರ ಕಥಿ ನೋಡು, ಕಡೀ ತೀರ್ಪು ನೋಡು, ಸಿಂಹಾಸನದ ಮ್ಯಾಲ ಕೂಡೋ ಮನುಷ್ಯಕುಮಾರ ನೋಡು, ಎಲ್ಲಾ ಅದ್ರಾಗ ಅದ, ಇಥಿಯೋಪಿಯಾದ ಸಭೆಯವ್ರು ಇವತ್ತಿಗೂ ಬಿಟ್ಟಿಲ್ಲ, ಮತ್ತ ನಮ್ಮ ಬೈಬಲ್ಲಿನ ಕಡೀಗೆ ಒಂದು ಸಣ್ಣ ಪತ್ರ ಅದ ನೋಡು, ಅದು ಹನೋಕ ಹೇಳ್ಯಾನ ಅಂತ ಒಂದು ಮಾತು ಎತ್ಕೊಂಡದಲ್ಲಾ, ಆ ಮಾತು ಅಲ್ಲಿಂದೇ ಬಂದದ್ದು. ಪ್ರೆಸ್ಸಿನಲ್ಲಿ ಗಯಾಜ್ ಭಾಯಿಗೂ ಇದೇ ಪಾಠ, ಅವರು ನಕ್ಕು, ಅರೆ ಜಟ್ಟೆಪ್ಪ, ಈ ಹನೋಕ ನಮ್ಮ ಪೈಗಂಬರ್ ಇದ್ರೀಸ್ ಅಲೈಹಿಸ್ಸಲಾಂ ಅಲ್ವಾ, ನಮ್ಮ ಅಜ್ಜಿ, ದಾದಿ, ಕಥೆ ಹೇಳ್ತಿದ್ರು, ಚಾಯ್ ಬರ್ಲಿ, ಪೂರಾ ಹೇಳು. ಒಬ್ಬ ಸಾಬರು ಚಹಾ ತರಿಸಿ ಕೇಳಿದ್ದನ್ನು ನಮ್ಮವರು ಕೇಳಲಾರದೆ ಹೋದರಲ್ಲ! ಸಭೆಯ ಐವತ್ತನೇ ವರ್ಷದ ಸ್ಮರಣಸಂಚಿಕೆಯಲ್ಲಿ, ಹನೋಕನ ಮಾತಿರುವ ಆ ಪತ್ರದ ಪುಟದ ಕೊನೆಗೆ ಅಪ್ಪ ಬರೆದದ್ದು, ಈ ಮಾತು ಪತ್ರಕ್ಕಿಂತ ಹಳೆಯದು, ಬೈಬಲ್ಲಿನ ಹೊರಗೆ ಉಳಿದ ಯೆಹೂದ್ಯರ ಬರಹದಿಂದ ಬಂದದ್ದು, ನಮ್ಮ ನಂಬಿಕೆಗೂ ಒಂದು ತವರಿದೆ. ಇಷ್ಟೇ. ಪ್ರೂಫ್ ಹಾಳೆಗೆ ಸುನೀಲ್ ಅಯ್ಯನವರೇ ಸಹಿ ಹಾಕಿದ್ದು, ಗೇಟಿನಲ್ಲಿ ಸ್ಕೂಟರ್ ಸೀಟಿನ ಮೇಲಿಟ್ಟುಕೊಂಡು, ಹಸಿರು ಶಾಯಿಯಲ್ಲಿ, ಓದಿದ್ದೇನೆ ಮುದ್ರಿಸಬಹುದು, ಒಂದಕ್ಷರ ಓದಿರಲಿಲ್ಲ, ನಾನು ಪಕ್ಕದಲ್ಲೇ ನಿಂತಿದ್ದೆ. ಅಚ್ಚಾಗಿ ಬಂದ ಮೇಲೆ ಸಮಿತಿಯವರು ಓದಿದರು, ಎಗರಾಡಿದರು, ಸುಳ್ಳು ಶಾಸ್ತ್ರ ತಂದು ತುರುಕಿದ್ದಾನೆ, ಇನ್ನು ಮೇಲೆ ಇವನು ಸಭೆಯಲ್ಲಿ ಪ್ರಸಂಗ, ಉಪದೇಶ ಏನೂ ಮಾಡಬಾರದು, ಅಯ್ಯನವರು ಆ ಹಸಿರು ಸಹಿಯ ಮಾತೇ ಎತ್ತಲಿಲ್ಲ, ನಂಬಿ ಕೊಟ್ಟೆ, ಜಟ್ಟೆಪ್ಪ ಹಿಂಗೆ ಮಾಡ್ಬಾರ್ದಿತ್ತು ಎಂದು ತಲೆಯಾಡಿಸಿದರು.

ಕೀರ್ತನೆ ಮೂರನೇ ಚರಣಕ್ಕೆ ಬಂತು, ಪಕ್ಕದಲ್ಲಿ ಕಿರಣಕುಮಾರ ಕಣ್ಣು ಮುಚ್ಚಿ ಹಾಡುತ್ತಿದ್ದಾನೆ, ಗಂಡ, ಒಳ್ಳೆಯವನು, ಅವನಿಗೆ ಇದೆಲ್ಲ ಗೊತ್ತಿಲ್ಲ, ನಾನು ಹೇಳಿಲ್ಲ. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಹುಡುಗ ಹುಡುಗಿಯ ಹೆಸರು ಕೂಗಬೇಕು, ಮೂರೂ ಕೂಗಿ ಯಾರೂ ಅಡ್ಡಿ ಹೇಳದಿದ್ದರೇ ಮದುವೆ, ನಮ್ಮದು ಎರಡು ಆಗಿತ್ತು, ಅಷ್ಟರಲ್ಲಿ ಈ ರಂಪ, ಅಯ್ಯನವರು ನನ್ನನ್ನು ಕರೆದು, ನೋಡಮ್ಮಾ, ಸಮಿತಿಯವ್ರು ಕೋಪದಲ್ಲಿದ್ದಾರೆ, ಅಪ್ಪ ಆ ಮೂರು ಸಾಲಿನ ಮೇಲೆ ಚೀಟಿ ಅಂಟಿಸಿಕೊಟ್ಬಿಡ್ಲಿ, ಆಮೇಲೆ ಮೂರನೇದು ಕೂಗೋಣ. ಎಷ್ಟು ಮೆತ್ತಗೆ ಹೇಳಿದರು. ಅಚ್ಚಿನ ತಪ್ಪಿಗೆ ಬಿಳಿ ಚೀಟಿ ಅಂಟಿಸುವುದು ಪ್ರೆಸ್ಸಿನವರಿಗೆ ದಿನದ ಕೆಲಸ, ಮದುವೆ ಕಾರ್ಡಿನಲ್ಲಿ ಛತ್ರದ ಹೆಸರು ತಪ್ಪಾದರೆ ಅಂಟಿಸುತ್ತಾರೆ, ಆದರೆ ತಪ್ಪಲ್ಲದ ಮಾತಿನ ಮೇಲೆ, ತಾನೇ ಬರೆದದ್ದರ ಮೇಲೆ, ತನ್ನ ಕೈಯಿಂದಲೇ — ಅಪ್ಪ ಒಂದೇ ಸಲ ಕೇಳಿದರು, ಇದ್ರಾಗ ತಪ್ಪೇನದ ಅವ್ವಾ? ಶನಿವಾರ ಇಡೀ ಮಧ್ಯಾಹ್ನ, ಚರ್ಚಿನ ಪಕ್ಕದ ಕೋಣೆಯಲ್ಲಿ, ಅಯ್ಯನವರ ನಿಲುವಂಗಿಗಳು ತೂಗುವ ಗೋಡೆಯ ಕೆಳಗೆ, ಮೈದಾ ಕುದಿಸಿದ ಅಂಟು, ಕತ್ತರಿಸಿದ ಚೀಟಿಗಳ ರಾಶಿ, ಪುಸ್ತಕ ತೆರೆ, ಚೀಟಿ ಇಡು, ಹೆಬ್ಬೆರಳಿನಿಂದ ಒತ್ತು, ಮುಚ್ಚು, ಅಂಟಿನ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತವರು ಯಾರು, ಬೇಡ, ಅದು ಬೇಡ, ಈಗ ಅಯ್ಯನವರ ಮೇಲಿನ ಸಿಟ್ಟೇ ಇರಲಿ, ಸಮಿತಿಯವರ ಮೇಲಿನ ಸಿಟ್ಟೇ ಇರಲಿ, ಅದನ್ನು ಹಿಡಿದುಕೊಂಡೇ ಮೆಟ್ಟಿಲು ಹತ್ತಬೇಕು. ಮರುದಿನ ಮೂರನೇ ಸಲ ಹೆಸರು ಕೂಗಿದರು. ಅಪ್ಪ ಆಮೇಲೆ ಹನೋಕನ ಮಾತೆತ್ತಲಿಲ್ಲ, ಹನ್ನೊಂದು ವರ್ಷ, ಹಿಂದಿನ ಬೆಂಚಿನಲ್ಲಿ ಕೂತು ಮನೆಗೆ ಬಂದರು, ಸಾಯುವ ದಿನದವರೆಗೂ ಎತ್ತಲಿಲ್ಲ.

ಪಾಠ ಓದುವವರು, ದಿವಂಗತ ಜಟ್ಟೆಪ್ಪನವರ ಮಗಳು — ಎದ್ದೆ, ಮೆಟ್ಟಿಲು ಹತ್ತಿದೆ, ಹೊರಗೆ ಮೆಟ್ರೋ ಹೋಯಿತು, ಕಿಟಕಿ ಗಾಜು ಅದುರಿತು, ದೊಡ್ಡ ಬೈಬಲ್ಲು, ಕೆಂಪು ರಿಬ್ಬನ್ನು, ಒಂದೇ ಅಧ್ಯಾಯದ ಪತ್ರ, ಓದುತ್ತಿದ್ದೇನೆ, ನನ್ನ ದನಿ ಸ್ಪೀಕರಿನಲ್ಲಿ ಬೇರೆ ಯಾರದೋ ಎನ್ನಿಸುತ್ತಿದೆ, ಇಗೋ ಬಂತು, ಆದಾಮನಿಂದ ಏಳನೆಯ ತಲೆಯವನಾದ ಹನೋಕ, ಅಸಂಖ್ಯ ದೂತರೊಡನೆ ಕರ್ತನು ಬರುವನೆಂದು ಅವನು ಹೇಳಿದ್ದು, ಅದೇ ಮಾತು, ಇಡೀ ಸಭೆ ತಲೆ ತಗ್ಗಿಸಿ ಕೇಳುತ್ತಿದೆ, ಎಗರಾಡಿದ ಬಾಯಿಗಳೇ ಆಮೆನ್ ಎನ್ನುತ್ತಿವೆ, ಥೂ, ಅಯ್ಯನವರು ಕಣ್ಣು ಮುಚ್ಚಿ ಸಂತೋಷದಿಂದ ತಲೆಯಾಡಿಸುತ್ತಿದ್ದಾರೆ, ಪಾಠ ಮುಗಿಯಿತು, ಈಗ, ಈಗ ಹೇಳು ರೇವತಿ, ಇದನ್ನೇ ನನ್ನಪ್ಪ ಹೇಳಿದ್ದು, ಇದರ ಮೇಲೇ ನೀವು ಚೀಟಿ ಅಂಟಿಸಿದಿರಿ, ನೀವು — ಬಾಯಿ ತೆರೆದಿದೆ, ಮೈಕು ಗುಂಯ್ ಎನ್ನುತ್ತಿದೆ, ನೀವು, ಎಂದೆ, ಜೋರಾಗಿಯೇ ಎಂದೆ, ಎಲ್ಲರೂ ತಲೆಯೆತ್ತಿದರು, ಕಿರಣ ಕಣ್ಣು ತೆರೆದ, ಮುಂದಿನ ಮಾತು ಬರುತ್ತಿಲ್ಲ, ಸ್ಪಂಜಿನ ಹರಿದ ಕಡೆಯಿಂದ ತಂತಿಬಲೆ ಕಾಣುತ್ತಿದೆ, ಅಲ್ಲಿ ಆ ಶನಿವಾರ ಮಧ್ಯಾಹ್ನದ ಚೀಟಿ, ಒಂದು ಅಂಚು ಎದ್ದಿದೆ, ಒಳಗಿನ ಅಕ್ಷರ ಅರ್ಧ ಕಾಣುತ್ತಿದೆ, ಅಪ್ಪ ಅದನ್ನು ಹಾಗೇ ಬಿಟ್ಟು ಪುಸ್ತಕ ಮುಚ್ಚಲು ಹೋಗುತ್ತಿದ್ದಾರೆ, ಒಂದಾದರೂ ಹಾಗೇ ಉಳಿಯಲೆಂದು, ನಾನು ಬಟ್ಟಲು ಹಿಡಿದವಳು ಬಾಗಿ ನೋಡಿ, ಸರಿಯಾಗಿ ಒತ್ತಪ್ಪಾ, ಕಾಣ್ತಾ ಇದೆ, ಮತ್ತು ಅಪ್ಪ ನನ್ನ ಮುಖ ನೋಡಿ, ಒತ್ತಿದರು, ಆ ಹೆಬ್ಬೆರಳು, ಉಗುರಿನ ಸುತ್ತ ಒಣಗಿದ ಅಂಟು, ಒತ್ತುತ್ತಲೇ ಇದೆ, ಹೆಬ್ಬೆರಳು