ಬೆನ್ನ ಮೇಲಿನ ಜಾಗ

"ಬರಿ ಯಾರ ಹಾಕ್ಯಾರ?"

ಡಾಕ್ಟರ್ ಆಮೀನಾ ಕೇಳಿದಾಗ ಮೋನಮ್ಮ ಮೊಮ್ಮಗನ ಅಂಗಿಯನ್ನು ಇನ್ನೂ ಮೇಲೆತ್ತಿ ಹಿಡಿದೇ ಇದ್ದಳು. ಎಂಟು ತಿಂಗಳ ಈಶಪ್ಪನ ಬೆನ್ನುಮೂಳೆಯ ಗುಂಟ, ಸೊಂಟದವರೆಗೆ, ಸುಟ್ಟ ಬರೆಯ ಗೆರೆಗಳಿದ್ದವು. ಮೇಲಿನವು ಒಣಗಿದ್ದವು. ಕೆಳಗಿನವು ಕೀವು ಕಟ್ಟಿಕೊಂಡು ಬಾತಿದ್ದವು.

ಮೋನಮ್ಮ ಅಂಗಿಯನ್ನು ಮೆಲ್ಲಗೆ ಕೆಳಗಿಳಿಸಿದಳು. ಅವಳ ಊರು ಸಗರದಲ್ಲಿ ಯಾರ ಕೂಸು ಸೆಟೆದುಕೊಂಡರೂ ಅವಳನ್ನೇ ಕರೆಯುತ್ತಿದ್ದರು. ಬಳೆಯ ಚೂರನ್ನು ಕೆಂಡದಲ್ಲಿ ಕಾಸಿ ಇಟ್ಟರೆ ಗೆರೆ ಒಂದು ನೂಲೂ ಅತ್ತಿತ್ತ ಆಗುತ್ತಿರಲಿಲ್ಲ.

"ನಾನ ಹಾಕ್ಸೀನ್ರಿ," ಅಂದಳು ಸೊಸೆ ದೇವಕಮ್ಮ, ಗೋಡೆ ನೋಡುತ್ತ.

ಮೋನಮ್ಮ ಸೊಸೆಯ ಕಡೆ ತಿರುಗಿದಳು. 'ಬ್ಯಾಡತ್ತಿ, ದವಾಖಾನಿಗಿ ಹೋಗಮು' ಎಂದು ಕೂಸನ್ನು ಎದೆಗೆ ಅವುಚಿಕೊಂಡಿದ್ದವಳು ಅವಳೇ. ಆ ಹೊತ್ತು ಕೂಸನ್ನು ಅವಳಿಂದ ಕಿತ್ತುಕೊಂಡು ಬರೆ ಇಟ್ಟಿದ್ದು ಮೋನಮ್ಮ. ಸೆಟೆತ ನಿಲ್ಲದೆ, ಕೆಲವು ದಿನಗಳ ಮೇಲೆ, ಕೂಸನ್ನು ಯಾದಗಿರಿಯ ಈ ದವಾಖಾನೆಗೆ ತಂದಿದ್ದರು. ಮಗ ಯಂಕಣ್ಣ ಜೊತೆಗೆ ಬಂದಿರಲಿಲ್ಲ. ಕಾಲುವೆಗೆ ನೀರು ಬಿಟ್ಟಿದ್ದರು, ಹೊಲಕ್ಕೆ ನೀರು ಹಾಯಿಸುವ ಅವನ ಪಾಳಿ ಇತ್ತು.

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಔಷಧ ಸುರು ಮಾಡೀವಿ. ಆದ್ರ ಮಿದುಳು ಜ್ವರ ಹೌದೋ ಅಲ್ಲೋ, ಬೆನ್ನಾಗಿನ ನೀರು ನೋಡಿದ್ರನ ಗೊತ್ತಾಗತದ. ಹುಣ್ಣಿನಾಗ ಸೂಜಿ ಹಾಕಿದ್ರ ಕೀವು ಒಳಗ ಹೋಗತದ. ಬಾವು ಬಂದು ಎಲುಬು ಕೈಗಿ ಸಿಗವಲ್ದು. ಮುಂಜಾನಿ ಇನ್ನೊಬ್ಬ ಡಾಕ್ಟರ್ ಸೂಜಿ ಹಾಕಿ ನೋಡಿದ್ರ, ಬರೇ ರಕ್ತ ಬಂತು."

ನರ್ಸ್ ಕುಬ್ರಾಬೇಗಂ ಗಾಲಿಯ ಮೇಲಿನ ಮಷೀನನ್ನು ತಳ್ಳಿಕೊಂಡು ಬಂದಳು. ಮೋನಮ್ಮನಿಗೆ ಅದರ ಗುರುತು ಹತ್ತಿತು.

"ಇದು ಬಸರ ನೋಡೋದಲ್ಲೇನ್ರಿ?"

"ಹೌದಬೇ ಯವ್ವಾ. ನಿನ್ನ ಮೊಮ್ಮಗ ಬಸರಾಗ್ಯಾನಂತ," ಅಂದಳು ಕುಬ್ರಾಬೇಗಂ. ಯಾರೂ ನಗದ್ದನ್ನು ನೋಡಿ ದನಿ ತಗ್ಗಿಸಿದಳು. "ಒಳಗಿಂದು ಕಾಣತದ. ಹುಣ್ಣು ಬಿಟ್ಟು ಜಾಗ ಸಿಗತದೇನ ನೋಡ್ತಾರ."

"ಕೂಸಿನ್ನ ಮಡಚಿ ಹಿಡೀಬೇಕು. ಅಲುಗಬಾರ್ದು," ಅಂದರು ಡಾಕ್ಟರ್. "ಹಿಡಿಯೋ ನಮ್ಮ ಹುಡುಗಿ ಲೇಬರ್ ವಾರ್ಡಿಗಿ ಹೋಗ್ಯಾಳ, ಕುಬ್ರಾ ಮಷೀನ್ ನೋಡ್ಕೋಬೇಕು. ನಿಮ್ಮಾಗ ಯಾರ ಹಿಡಿತೀರಿ?"

ದೇವಕಮ್ಮ ತನ್ನ ಕೈಗಳನ್ನು ನೋಡಿಕೊಂಡಳು.

"ನೀ ಹಿಡಿ ಅತ್ತಿ," ಅಂದಳು. "ನಿನ್ನ ಕೈ ನಡುಗಂಗಿಲ್ಲ."

ಅದು ಚುಚ್ಚುಮಾತೋ ನಂಬಿಕೆಯೋ ಮೋನಮ್ಮನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಕಸುವೂ ಇರಲಿಲ್ಲ. ಕುಬ್ರಾಬೇಗಂ ತೋರಿಸಿದಂತೆ ಮೊಣಕಾಲನ್ನು ಹೊಟ್ಟೆಗೆ ಹತ್ತಿಸಿ ಕೂಸನ್ನು ದುಂಡಗೆ ಹಿಡಿದಳು. ಮಷೀನಿಗೆ ಹಚ್ಚಿದ ತಣ್ಣನೆಯ ಅಂಟು ಬೆನ್ನಿಗೆ ತಾಗಿದಾಗ ಕೂಸು ಕಿರುಚಿತು. ಬರೆ ಹಾಕಿದ ದಿನವೂ ಹೀಗೇ ಕಿರುಚಿತ್ತು. ಅವಳ ಕೈ ಆ ದಿನವೂ ಸಡಿಲಾಗಿರಲಿಲ್ಲ.

ಪರದೆಯಲ್ಲಿ ಬೂದಿ ಬಣ್ಣ, ನಡುವೆ ಕಪ್ಪು. ಡಾಕ್ಟರ್ ಹುಣ್ಣುಗಳನ್ನು ತಪ್ಪಿಸುತ್ತ ಮಷೀನಿನ ಹಿಡಿಯನ್ನು ಕೆಳಕ್ಕೆ ಸರಿಸಿದರು, ನಿಂತರು, ಮತ್ತೆ ಸರಿಸಿದರು. ಕೊನೆಯ ಬರೆಯ ಕೆಳಗೆ ಬೆರಳಗಲದಷ್ಟು ನುಣುಪು ಚರ್ಮ ಉಳಿದಿತ್ತು. ಮೋನಮ್ಮ ಅಲ್ಲಿಗೂ ಒಂದು ಗೆರೆ ಎಳೆಯಬೇಕೆಂದಿದ್ದಳು. ಅಷ್ಟರಲ್ಲಿ ಬಳೆಯ ಚೂರು ಆರಿತ್ತು.

"ಇಲ್ಲಿ," ಅಂದರು ಡಾಕ್ಟರ್, ನೀಲಿ ಪೆನ್ನಿನಿಂದ ಒಂದು ಅಡ್ಡ, ಒಂದು ಉದ್ದ ಗೆರೆ ಎಳೆಯುತ್ತ.

ಅಂಟು ಒರೆಸಿ, ಔಷಧ ಹಚ್ಚಿ, ಗೆರೆ ಕೂಡಿದಲ್ಲಿ ಸೂಜಿ ಇಟ್ಟರು. ಮೋನಮ್ಮ ಕಣ್ಣು ಮುಚ್ಚಲಿಲ್ಲ. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದು ಹನಿ ತುದಿಯಲ್ಲಿ ದಪ್ಪಗಾಗಿ ಶೀಶೆಗೆ ಬಿತ್ತು. ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು.

"ಮಿದುಳು ಜ್ವರನ," ಅಂದರು ಡಾಕ್ಟರ್. "ಆದ್ರ ನೀರು ಸಿಕ್ಕದ. ಯಾವ ಔಷಧ ನಡೀತದ ಅಂಬೋದು ಇದರಿಂದ ತಿಳೀತದ. ಇನ್ನ ಬಿಡ್ರಿ ಅಮ್ಮ."

ಮೋನಮ್ಮ ಬಿಡಲಿಲ್ಲ. ಕುಬ್ರಾಬೇಗಂ ಅವಳ ಬೆರಳುಗಳನ್ನು ಒಂದೊಂದಾಗಿ ಎತ್ತಬೇಕಾಯಿತು.

ದೇವಕಮ್ಮ ಕೂಸನ್ನು ಮಡಿಲಿಗೆ ಹಾಕಿಕೊಂಡು ಅದರ ಬೆನ್ನನ್ನು ಅತ್ತೆಯ ಕಡೆ ತಿರುಗಿಸಿದಳು. ಪಕ್ಕೆಯಲ್ಲಿ ಇನ್ನೂ ಅಂಟು ಉಳಿದಿತ್ತು. ಮೋನಮ್ಮ ಸೆರಗಿನ ತುದಿಯಿಂದ ಒರೆಸತೊಡಗಿದಳು. ಸೂಜಿಯ ಜಾಗಕ್ಕೆ ಅಂಟಿಸಿದ ಪಟ್ಟಿಯ ಎರಡೂ ಬದಿಗೆ ನೀಲಿ ಗೆರೆಯ ತುದಿಗಳು ಕಾಣುತ್ತಿದ್ದವು. ಅವುಗಳ ಹತ್ತಿರ ಬಂದಾಗಲೆಲ್ಲ ಸೆರಗು ಸುತ್ತುಹಾಕಿ ಹೋಯಿತು.