ಮುತ್ತಲಕಟ್ಟಿಯ ನೀರಿಲ್ಲದ ಟ್ಯಾಂಕು

ಸಿಂಧೂಬಾಯಿಯವರು ಚಮಚದ ಹಿಡಿಯಿಂದ ನನ್ನ ಮೂಲೆಗಳನ್ನು ಕೆರೆಯುತ್ತಿದ್ದರು. ಒಲೆಯ ಮೇಲೆ ಒಗ್ಗರಣೆಯ ಎಣ್ಣೆ ಕಾದಿತ್ತು, ಸಾಸಿವೆ ಸಿಡಿದು ಮುಗಿದಿತ್ತು. ನನ್ನ ತಳಕ್ಕೆ ಅಂಟಿದ್ದ ಇಂಗು ಮಾತ್ರ ಮೇಲೇಳಲಿಲ್ಲ. ಅವರ ಯಜಮಾನರು ಎರಡನೇ ಸಲ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಖಾಲಿ ಆತೇನ ಡಬ್ಬಿ?”

“ಸ್ವಲ್ಪ ತಡೀರಿ. ಇಂಗು ಸಾರಿಗೆ ಹಾಕ್ಲೋ, ನಿಮ್ಮ ರೈಲಿಗೆ ಹಾಕ್ಲೋ?”

ಕೊನೆಯ ಚೂರು ಎಣ್ಣೆಗೆ ಬಿತ್ತು. ನನ್ನನ್ನು ನೀರಲ್ಲಿ ಒಮ್ಮೆ ಅದ್ದಿ, ಸೆರಗಿನಿಂದ ಒರೆಸಿ, ಅವರು ಯಜಮಾನರ ಕೈಗೆ ಕೊಟ್ಟರು. ನನ್ನ ಎರಡನೇ ಹುಟ್ಟು ಅದು.

ನಾನು ಒಂದು ನೀರಿನ ಟ್ಯಾಂಕು. ನೀರು ತುಂಬಿಸದ ಟ್ಯಾಂಕು. ಮೊದಲ ಹುಟ್ಟು ನನಗೆ ಸರಿಯಾಗಿ ನೆನಪಿಲ್ಲ. ಯಾವುದೋ ಕಾರ್ಖಾನೆಯಲ್ಲಿ ಯಂತ್ರವೊಂದು ತಗಡನ್ನು ನಾಲ್ಕು ಕಡೆ ಮಡಚಿ ನನ್ನನ್ನು ಡಬ್ಬಿ ಮಾಡಿತು, ಇನ್ನೊಂದು ಯಂತ್ರ ಇಂಗು ತುಂಬಿತು. ಹುಬ್ಬಳ್ಳಿಯ ಗದಗ ರೋಡಿನ ಹಿಂದಿನ ಓಣಿಯಲ್ಲಿರುವ ಈ ಮನೆಗೆ ಬಂದು ಒಂದು ವರ್ಷ ಮಸಾಲೆ ಗೂಡಿನಲ್ಲಿ ಕುಳಿತಿದ್ದೆ. ಡಬ್ಬಿಗೆ ಅದಕ್ಕಿಂತ ಹೆಚ್ಚಿನ ಬಾಳು ಇರುವುದಿಲ್ಲ. ನನಗೆ ಇತ್ತು.

ಯಜಮಾನರ ಹೆಸರು ರಾಘಪ್ಪ ಕೊರ್ಲಹಳ್ಳಿ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ಓಣಿಯಲ್ಲಿ ಎಲ್ಲರೂ ಅವರನ್ನು ಮಾಸ್ತರು ಎಂದೇ ಕರೆಯುತ್ತಾರೆ. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ಹೊಂದಿಸಿ, ಹತ್ತು ಅಡಿ ಉದ್ದದ ಹಲಗೆ ಹಾಕಿದ್ದರು. ಅದರ ಮೇಲೆ ಬೆರಳಗಲದ ಹಳಿಗಳು, ಅಂಗೈಯಷ್ಟು ಸ್ಟೇಷನ್ನು, ಬೆಂಕಿಪೆಟ್ಟಿಗೆಯಷ್ಟು ಗೂಡ್ಸ್ ಡಬ್ಬಿಗಳು. ಮಾಸ್ತರು ತಾವು ಹರೆಯದಲ್ಲಿ ಕೆಲಸ ಮಾಡಿದ ಮುತ್ತಲಕಟ್ಟಿ ಎಂಬ ಸಣ್ಣ ಸ್ಟೇಷನ್ನನ್ನು ಹಾಗೆಯೇ ಕಟ್ಟುತ್ತಿದ್ದರು. ನಿಜದ ಎಂಬತ್ತೇಳು ಅಡಿ ಇಲ್ಲಿ ಒಂದು ಅಡಿ. ಆ ಸ್ಟೇಷನ್ನು ಈಗ ಇಲ್ಲ. ಹಳಿ ಅಗಲ ಮಾಡುವಾಗ ಕೆಡವಿದರಂತೆ.

ಪ್ರತಿ ಭಾನುವಾರ ಮಧ್ಯಾಹ್ನ ಇಬ್ಬರು ಬರುತ್ತಿದ್ದರು. ಒಬ್ಬರು ಇಮಾಮಸಾಬರು, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಇನ್ನೊಬ್ಬರು ಚಂಪಾವತಿ ಅಕ್ಕೋರು, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಹಳಿ, ಎಂಜಿನ್ನು ಸಾಬರದು. ಗಿಡ, ಗುಡ್ಡ, ನೆಲ ಅಕ್ಕೋರದು. ಕಟ್ಟಿಗೆಯ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಹುಲ್ಲು ಮಾಡುತ್ತಿದ್ದರು. ಚಹದ ಡಿಕಾಕ್ಷನ್ ಬಳಿದು ಹೊಸ ಗೋಡೆಯನ್ನು ಹಳೆಯದು ಮಾಡುತ್ತಿದ್ದರು.

ನನ್ನ ಮುಚ್ಚಳವನ್ನು ಬೆಸುಗೆ ಹಾಕಿ ಮುಚ್ಚಿದವರು ಇಮಾಮಸಾಬರು. ಕಾದ ಕಬ್ಬಿಣ ತಾಗಿದಾಗ ನನ್ನಿಂದ ಇಂಗಿನ ವಾಸನೆ ಎದ್ದಿತು. ಬೂದು ಬಣ್ಣ ಬಳಿದು, ಕಲ್ಲಿನ ಕಟ್ಟಡದಂತೆ ಕೆತ್ತಿದ ಮರದ ತುಂಡಿನ ಮೇಲೆ ನನ್ನನ್ನು ಕೂರಿಸಿದರು. ಹಳೆಯ ಹೊಗೆಬಂಡಿಗಳಿಗೆ ನೀರು ಕೊಡುವ ಟ್ಯಾಂಕುಗಳು ಹಾಗೇ ಇರುತ್ತಿದ್ದವು.

“ಈ ಟ್ಯಾಂಕಿನ ನೀರು ಕುಡದ್ರ ಎಂಜಿನ್ನಿಗೆ ಅಜೀರ್ಣ ಆಗಂಗಿಲ್ಲ ಬಿಡ್ರಿ,” ಎಂದರು ಸಾಬರು.

“ನಿಮ್ಮ ಬೆಸುಗಿ ನೋಡ್ರಿ ಮೊದ್ಲ. ಗುಳ್ಳಿ ಎದ್ದಂಗ ಆಗೇದ,” ಎಂದರು ಅಕ್ಕೋರು.

“ನಿಮ್ಮ ಬೇವಿನ ಗಿಡಕ್ಕಿಂತ ಚೊಲೊ ಅದ. ಅದು ಗಿಡನೋ, ಹೂಕೋಸೋ?”

ಹೀಗೆ ನಡೆಯುತ್ತಿತ್ತು. ಹುಲ್ಲಿನ ಬಣ್ಣದಿಂದ ಮಾತು ಮೊಣಕಾಲು ನೋವಿಗೆ ಹೊರಳುತ್ತಿತ್ತು, ಅಲ್ಲಿಂದ ಸಾಬರ ಬೀಗರ ಮನೆಯ ಜಗಳಕ್ಕೆ, ಅಲ್ಲಿಂದ ಮತ್ತೆ ಹಳಿಯ ತಿರುವಿಗೆ. ಸಿಂಧೂಬಾಯಿಯವರು ಚುರುಮುರಿ ತಂದಿಟ್ಟು, “ರೈಲು ಓಡಸೂದಕ್ಕಿಂತ ಬಾಯಿ ಓಡಸೂದ ಹೆಚ್ಚಾತು” ಎನ್ನುತ್ತಿದ್ದರು. ತಗಡಿನ ಬಾಳಿನಲ್ಲಿ ನನಗೆ ಸಿಕ್ಕ ಸುಖ ಎಂದರೆ ಆ ಕೆಲವು ಭಾನುವಾರಗಳು.

ನನ್ನನ್ನು ಸ್ಟೇಷನ್ನಿನ ಹಿಂದುಗಡೆ, ಕಾಂಪೌಂಡಿನ ಮೂಲೆಯಲ್ಲಿ ಅಂಟಿಸಿದವರು ಮಾಸ್ತರೇ. “ಇಲ್ಲೇ ಇತ್ತು,” ಎಂದರು. ಯಾರೂ ಕೇಳಲಿಲ್ಲ. ಆ ಸ್ಟೇಷನ್ನನ್ನು ಕಂಡಿದ್ದವರು ಅವರೊಬ್ಬರೇ ತಾನೆ?

ಆ ವರ್ಷ ಒಂದು ಬುಧವಾರ ಬೇರೆ ಊರಿನಿಂದ ವಯಸ್ಸಾದ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲ ಆಚೆ ಕುಳಿತಳು. ಅವಳು ಗೌರವ್ವ. ಅವಳ ಗಂಡ ಫಕೀರಪ್ಪ ಮುತ್ತಲಕಟ್ಟಿಯಲ್ಲಿ ಮಾಸ್ತರರ ಕೈಕೆಳಗೆ ಪಾಯಿಂಟ್ಸ್‌ಮನ್ ಆಗಿದ್ದವನು. ಹಳಿ ಕವಲೊಡೆಯುವ ಜಾಗಕ್ಕೆ ಪಾಯಿಂಟು ಎನ್ನುತ್ತಾರೆ. ಬಂಡಿ ಯಾವ ಹಳಿಗೆ ಹೋಗಬೇಕೋ ಆ ಕಡೆಗೆ ಪಾಯಿಂಟನ್ನು ತಿರುಗಿಸಿ, ಬೀಗ ಹಾಕಿ, ಹಸಿರು ಧ್ವಜ ತೋರಿಸುವುದು ಅವನ ಕೆಲಸ. ಆ ಧ್ವಜವನ್ನು ಕಣ್ಣಾರೆ ಕಂಡ ಮೇಲೆಯೇ ಮಾಸ್ತರು ಬಂಡಿಯನ್ನು ಒಳಗೆ ಬಿಡುವ ಸಿಗ್ನಲ್ ಇಳಿಸಬೇಕು.

ನಲವತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ, ಪಾಯಿಂಟು ತಿರುಗುವ ಮೊದಲೇ ಸಿಗ್ನಲ್ ಇಳಿಯಿತು. ಪ್ಯಾಸೆಂಜರ್ ಬಂಡಿ ಪಕ್ಕದ ಹಳಿಗೆ ನುಗ್ಗಿ, ಅಲ್ಲಿ ನಿಂತಿದ್ದ ಗೂಡ್ಸಿಗೆ ಬಡಿಯಿತು. ನಾಲ್ಕು ಜನ ಸತ್ತರು. ಫಕೀರಪ್ಪ ಧ್ವಜ ತೋರಿಸಿದ್ದನ್ನು ಆಫೀಸಿನ ಕಿಟಕಿಯಿಂದ ಕಂಡೆ ಎಂದು ಮಾಸ್ತರು ವಿಚಾರಣೆಯಲ್ಲಿ ಹೇಳಿದರು. ತಾನು ಇನ್ನೂ ಪಾಯಿಂಟಿಗೆ ಹೋಗುತ್ತಿದ್ದೆ, ಧ್ವಜ ಬಿಚ್ಚಿಯೇ ಇರಲಿಲ್ಲ ಎಂದು ಫಕೀರಪ್ಪ ಹೇಳಿದ. ಓದಿದವರ ಮಾತು ನಡೆಯಿತು. ಫಕೀರಪ್ಪನ ಕೆಲಸ ಹೋಯಿತು. ಸಾಯುವ ತನಕ ಅವನು ಮಾರ್ಕೆಟಿನಲ್ಲಿ ಹಮಾಲಿ ಮಾಡಿದ.

“ನನಗ ಏನೂ ಬ್ಯಾಡ್ರಿ ಸಾಹೇಬ್ರ,” ಎಂದಳು ಗೌರವ್ವ. “ಮಗಳು ರೇಣವ್ವನ್ನ ಅಣ್ಣಿಗೇರಿಗೆ ಕೊಟ್ಟೇನಿ. ನಾಕು ಮಂದೀನ ಕೊಂದಾವನ ಮಗಳು ಅಂತಾರ ಆಕೀಗೆ. ಈಗ ಆಕಿ ಮಕ್ಕಳಿಗೂ ಅಂತಾರ. ನೀವು ಧ್ವಜ ನೋಡಿಲ್ಲಂದ್ರ ನೋಡಿಲ್ಲ ಅಂತ ಒಂದ ಸಾಲು ಬರದು ಕೊಡ್ರಿ. ನೋಡೀರಿ ಅಂದ್ರ ನೋಡೇನಿ ಅಂತ ನನ್ನ ಮಾರಿ ನೋಡಿ ಹೇಳ್ರಿ. ಎದ್ದು ಹೋಗತೇನಿ.”

ಮಾಸ್ತರು ಅವಳ ಮುಖ ನೋಡಲಿಲ್ಲ. “ಬರೀತೇನಿ ತಾಯಿ,” ಎಂದರು.

ಬರೆದರು ಕೂಡ. ಹಲಗೆಯ ಮೇಲೆ, ನನ್ನ ಪಕ್ಕದಲ್ಲೇ ಕಾಗದ ಇಟ್ಟುಕೊಂಡು ಬರೆದರು. ಮೆಲ್ಲಗೆ ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯುವುದು ಅವರ ರೂಢಿ. ಹಾಗಾಗಿ ನನಗೆ ಕೇಳಿಸಿತು. ‘ಅವತ್ತು ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಫಕೀರಪ್ಪ ದಿನಾಲೂ ಹೊತ್ತಿಗೆ ಸರಿಯಾಗಿ ಪಾಯಿಂಟು ಹಾಕುತ್ತಿದ್ದ ಎಂಬ ಭರವಸೆಯ ಮೇಲೆ ಸಿಗ್ನಲ್ ಇಳಿಸಿದೆ. ಧ್ವಜ ನೋಡಿದೆನೆಂದು ಹೇಳಿದ್ದು ಸುಳ್ಳು.’ ಲಕೋಟೆಯ ಮೇಲೆ ಗೌರವ್ವನ ಹೆಸರು ಬರೆದರು. ಪತ್ರದ ಕೆಳಗೆ ಸಹಿ ಮಾಡಲಿಲ್ಲ. ಮಡಚಿ ಹಲಗೆಯ ಕೆಳಗಿನ ಖಾನೆಗೆ ಹಾಕಿದರು.

ಮೂರು ವರ್ಷ ಅದು ಅಲ್ಲೇ ಇತ್ತು. ಕೆಲವು ದಿನ ಮಾಸ್ತರು ಖಾನೆ ಎಳೆಯುತ್ತಿದ್ದರು, ನೋಡುತ್ತಿದ್ದರು, ತಳ್ಳುತ್ತಿದ್ದರು. ಆಮೇಲೆ ಪುಟ್ಟ ಎಂಜಿನ್ನನ್ನು ಸುತ್ತು ಬಿಡುತ್ತಿದ್ದರು. ಅದು ಪಾಯಿಂಟಿನ ಮೇಲೆ ಬಂದಾಗಲೆಲ್ಲ ಅವರ ಕೈ ಸ್ವಿಚ್ಚಿನ ಮೇಲೆ ಬಿಗಿಯಾಗುತ್ತಿತ್ತು. ಎಂಜಿನ್ನು ಒಮ್ಮೆಯೂ ತಪ್ಪು ಹಳಿಗೆ ಹೋಗಲಿಲ್ಲ. ಸರಿಯಾಗಿ ಹೋಗುವ ಬಂಡಿಯನ್ನು ನೋಡುವುದಕ್ಕೇ ಅವರು ಅಷ್ಟೆಲ್ಲ ಕಟ್ಟಿದರೋ ಏನೋ.

ನನ್ನ ಜಾಗ ಬದಲಾದದ್ದು ಒಂದು ಫೋಟೊದಿಂದ. ಸಿಂಧೂಬಾಯಿಯವರು ಟ್ರಂಕಿನಲ್ಲಿದ್ದ ರೇಷ್ಮೆ ಸೀರೆಗಳನ್ನು ಬಿಸಿಲಿಗೆ ಹಾಕುವಾಗ ಅದು ಸಿಕ್ಕಿತು. ಅಪಘಾತದ ಹಿಂದಿನ ವರ್ಷ ಯುಗಾದಿಯಂದು ಸ್ಟೇಷನ್ನಿನ ಮುಂದೆ ಎಲ್ಲರೂ ನಿಂತು ತೆಗೆಸಿದ್ದು. ಪಾಪ, ಅವರು ಸಂಭ್ರಮದಿಂದ ಅದನ್ನು ಭಾನುವಾರದ ಚುರುಮುರಿಯ ಜೊತೆ ತಂದು ಅಕ್ಕೋರ ಕೈಗೆ ಕೊಟ್ಟರು.

ಅಕ್ಕೋರು ಕನ್ನಡಕ ಹಣೆಗೇರಿಸಿ ನೋಡಿದರು. ಆಮೇಲೆ ಹಲಗೆ ನೋಡಿದರು.

“ಮಾಸ್ತರ, ಟ್ಯಾಂಕು ಹಿಂದ ಇಲ್ರಿ. ಆಫೀಸಿಗೆ ಹತ್ತಿ ಈ ಕಡೆ ಅದ. ಪಾಯಿಂಟಿನ ಕಡೆ.”

“ಇರ್ಲಿ ಬಿಡ್ರಿ ಅಕ್ಕೋರ. ಎಲ್ಲಿದ್ರೇನು?”

“ಎಲ್ಲಿದ್ರೇನು ಅಂತೀರಾ? ಹೋದ ತಿಂಗಳು ನನ್ನ ಹೂಕೋಸು ಎರಡು ಬೆರಳು ಸರದೇದ ಅಂತ ಕೀಳಿಸಿದ್ರಲ್ಲ ಇಬ್ಬರೂ!”

ಇಮಾಮಸಾಬರು ನಗುತ್ತ ಚಾಕು ತೆಗೆದುಕೊಂಡು ನನ್ನ ಬುಡದ ಅಂಟನ್ನು ಬಿಡಿಸಿದರು. ಅಳತೆಯ ಗೀಳಿರುವವರು ಸುಮ್ಮನಿರುತ್ತಾರೆಯೇ? ಫೋಟೊದಲ್ಲಿ ಅಡಿ ಲೆಕ್ಕ ಹಾಕಿ, ಆಫೀಸಿನಿಂದ ಎರಡು ಬೆರಳು ದೂರ, ಹಳಿಯ ಅಂಚಿಗೆ ನನ್ನನ್ನು ಇಟ್ಟರು. ಪಾಯಿಂಟಿನ ಹತ್ತಿರ ಸಾಬರು ತಂತಿಯಿಂದ ಮಾಡಿದ ಪಾಯಿಂಟ್ಸ್‌ಮನ್ ನಿಂತಿದ್ದ, ಕೈಯಲ್ಲಿ ಹಸಿರು ಬಟ್ಟೆಯ ಚೂರು. ಸ್ಟೇಷನ್ನಿನೊಳಗಿಂದ ಹೇಗೆ ಕಾಣುತ್ತದೆ ನೋಡೋಣ ಎಂದು ಅಕ್ಕೋರು ಆಫೀಸಿನ ಹಿಂಗೋಡೆ ಕಳಚಿ, ಪುಟ್ಟ ಕಿಟಕಿಗೆ ಮೊಬೈಲಿನ ಕ್ಯಾಮೆರಾ ಹಿಡಿದು ಚಿತ್ರ ತೆಗೆದರು.

ಚಿತ್ರದಲ್ಲಿ ಇದ್ದದ್ದು ನಾನು. ನನ್ನ ಕಲ್ಲಿನ ಗೋಡೆ, ನನ್ನ ಬೂದು ಬೆನ್ನು. ಹಳಿ ಇಲ್ಲ, ಪಾಯಿಂಟಿಲ್ಲ, ಮನುಷ್ಯನಿಲ್ಲ.

“ಇಲ್ಲಿಂದ ಏನೂ ಕಾಣಂಗಿಲ್ಲಲ್ರಿ ಮಾಸ್ತರ,” ಎಂದರು ಅಕ್ಕೋರು. ಹೇಳುವಾಗ ಅವರಿಗೆ ಏನೂ ಗೊತ್ತಿರಲಿಲ್ಲ.

ಇಮಾಮಸಾಬರಿಗೆ ಗೊತ್ತಿತ್ತು. ರೈಲ್ವೆಯಲ್ಲಿ ಆ ವಿಚಾರಣೆಯ ಕತೆ ಕೇಳದವರಿಲ್ಲ. ಅವರು ಮೊಬೈಲನ್ನು ತಮ್ಮ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು.

“ವಿಚಾರಣಿ ಸಾಹೇಬರು ಬಂದು ನೋಡಲಿಲ್ಲೇನ್ರಿ ಆವಾಗ?”

“ಪ್ಲಾಟ್‌ಫಾರ್ಮಿನ ತುದೀಗೆ ನಿಂತು ನೋಡಿದ್ರು,” ಎಂದರು ಮಾಸ್ತರು. “ಅಲ್ಲಿಂದ ಕಾಣತದ. ನನ್ನ ಕುರ್ಚಿ ಮ್ಯಾಲೆ ಯಾರೂ ಕೂಡಲಿಲ್ಲ.”

“ಫಕೀರಪ್ಪನ ಮಣ್ಣಿಗೆ ನಾನು ಹೋಗಿದ್ದೆ ಮಾಸ್ತರ. ಹೊರಾಕ ನಾಕು ಮಂದಿ ಸಿಗಲಿಲ್ಲ. ನಾ ಒಂದು ಹೆಗಲು ಕೊಟ್ಟೆ.”

ಅಷ್ಟು ಹೇಳಿ ಅವರು ತಮ್ಮ ಇಕ್ಕಳ, ಬೆಸುಗೆಯ ಕಬ್ಬಿಣ, ಅರ್ಧ ಮುಗಿದ ಗೂಡ್ಸ್ ಡಬ್ಬಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡರು. ಚಪ್ಪಲಿ ಮೆಟ್ಟುವಾಗ ಸಿಂಧೂಬಾಯಿಯವರು “ಚಹಾ ಆಗೇದ್ರಿ” ಎಂದರೂ ತಿರುಗಲಿಲ್ಲ. ಮತ್ತೆ ಯಾವ ಭಾನುವಾರವೂ ಅವರು ಬರಲಿಲ್ಲ.

ಮರುದಿನ ಬೆಳಿಗ್ಗೆ ಮಾಸ್ತರು ಖಾನೆಯಿಂದ ಪತ್ರ ತೆಗೆದು, ಪೆನ್ನಿನ ಟೋಪಿ ಬಿಚ್ಚಿದರು. ಸಿಂಧೂಬಾಯಿಯವರು ಅದನ್ನು ಕಿತ್ತುಕೊಂಡು ಓದಿದರು. ನಿಂತೇ ಓದಿದರು. ನಲವತ್ತು ವರ್ಷ ಗಂಡನ ಮಾತನ್ನು ನಂಬಿದವರು, ಬಂದವರ ಮುಂದೆ ಅವರ ಪರವಾಗಿ ಜಗಳವಾಡಿದವರು.

“ಈಗ ಇದನ್ನ ಕಳಿಸಿ ಏನ್ ಮಾಡವ್ರು? ಓಣ್ಯಾಗ ಹೆಂಗ ತಿರಗ್ಯಾಡ್ಲಿ ನಾನು? ತವರಿನವರಿಗೆ ಏನಂತ ಹೇಳ್ಲಿ?”

“ಆಕಿ ನಲವತ್ತು ವರ್ಷ ಹೆಂಗ ತಿರಗ್ಯಾಡಿದ್ಲು?”

“ನಾಳೆ ನೋಡೋಣ. ಇವತ್ತು ಬ್ಯಾಡ.” ಅವರು ಪತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು. ಮಾಸ್ತರು ಬೇಡವೆನ್ನಲಿಲ್ಲ. ಒಂದು ದಿನದ ಬಿಡುವು ಅವರಿಗೂ ಬೇಕಾಗಿತ್ತು, ನಾನು ನೋಡಿದೆ.

ಆ ನಾಳೆ ಬರಲಿಲ್ಲ. ಅದೇ ವಾರ ಮಾಸ್ತರರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತು ಹೋಯಿತು. ಅವರ ಮಂಚವನ್ನು ಮುಂದಿನ ಕೋಣೆಗೆ, ನಮ್ಮ ಹಲಗೆಯ ಪಕ್ಕಕ್ಕೆ ತಂದು ಹಾಕಿದರು. ರೈಲು ಓಡುವುದು ನಿಂತಿತು. ಅಕ್ಕೋರ ಹುಲ್ಲಿನ ಮೇಲೆ ಧೂಳು ಕುಳಿತಿತು. ಇಲಿಗಳು ಬೇವಿನ ಗಿಡವನ್ನು ತಿಂದವು. ನನ್ನ ಒಂದು ಮೂಲೆಯಲ್ಲಿ ಬಣ್ಣ ಸುಲಿದು ತುಕ್ಕು ಕಂಡಿತು.

ಮಾಸ್ತರು ದಿನಾಲೂ ಎಡಗೈಯೆತ್ತಿ ಹಲಗೆಯ ಕೆಳಗಿನ ಖಾಲಿ ಖಾನೆಯನ್ನು ತೋರಿಸುತ್ತಿದ್ದರು. “ನೀರು ಬೇಕೇನ?” ಎನ್ನುತ್ತಿದ್ದರು ಸಿಂಧೂಬಾಯಿ. “ಹೊದಿಕಿ ಸರಸ್ಲೇನ?” ಎನ್ನುತ್ತಿದ್ದರು. ಗೊತ್ತಿದ್ದೂ ಕೇಳುತ್ತಿದ್ದರು. ಎಂಟು ತಿಂಗಳು ಹೀಗೇ ಕೇಳಿದರು. ಮೊದಲು ಪತ್ರವನ್ನು ತಡೆದವರು ಮಾಸ್ತರು, ಈಗ ಇವರು. ಕೆಟ್ಟವರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಬ್ಬರೂ ನನ್ನನ್ನು ಒರೆಸಿ ಇಟ್ಟುಕೊಂಡವರು.

ಕಾರ್ತಿಕದಲ್ಲಿ ಚಂಪಾವತಿ ಅಕ್ಕೋರು ಮಾಸ್ತರರನ್ನು ನೋಡಲು ಬಂದರು. ಮಂಚದ ಹತ್ತಿರ ಕುಳಿತು, ಅದೂ ಇದೂ ಮಾತಾಡಿ, ಕೊನೆಗೆ ಹೊರಡುವಾಗ ಬಾಗಿಲಲ್ಲಿ ಸಿಂಧೂಬಾಯಿಗೆ ಮೆಲ್ಲಗೆ ಹೇಳಿದರು.

“ಗೌರವ್ವ ಹೋದ್ಲಂತ್ರಿ ವೈನಿ. ಇಮಾಮಸಾಬ್ರು ಸಿಕ್ಕಿದ್ರು, ಹೇಳಿದ್ರು. ಕಡೀ ತನಕ ಟಪಾಲಿನವ ಬಂದಾಗೆಲ್ಲ ಕೇಳತಿದ್ಲಂತ, ಹುಬ್ಬಳ್ಳಿಯಿಂದ ಏನರ ಬಂದದೇನಪಾ ಅಂತ.”

ಮೆಲ್ಲಗೆ ಹೇಳಿದ್ದು ಮಾಸ್ತರರಿಗೂ ಕೇಳಿಸಿತು. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಅವತ್ತು ಖಾನೆ ತೋರಿಸಲಿಲ್ಲ. ಮರುದಿನವೂ ತೋರಿಸಲಿಲ್ಲ. ಎಡಗೈಯನ್ನು ಎದೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಮಲಗಿದರು.

ಸಿಂಧೂಬಾಯಿಯವರು ಮೂರು ದಿನ ಆ ಕೈಯನ್ನೇ ನೋಡಿದರು. ನಾಲ್ಕನೇ ದಿನ, ಮನೆ ಗುಡಿಸುತ್ತ ಹಲಗೆಯ ಹತ್ತಿರ ಬಂದವರು ಕಸಬರಿಗೆ ಕೆಳಗಿಟ್ಟರು. ಸೊಂಟ ಹಿಡಿದುಕೊಂಡು ಬಗ್ಗಿದರು, ಇನ್ನೂ ಬಗ್ಗಿದರು, ಕೆನ್ನೆ ಹಲಗೆಗೆ ತಾಗುವಂತೆ ಮಾಡಿ, ಹಿಂಗೋಡೆಯಿಲ್ಲದ ಆಫೀಸಿನೊಳಗಿಂದ ಪುಟ್ಟ ಕಿಟಕಿಗೆ ಕಣ್ಣು ಹಚ್ಚಿದರು.

ಅಷ್ಟು ಹತ್ತಿರದಿಂದ ನಾನು ಯಾರ ಕಣ್ಣನ್ನೂ ನೋಡಿರಲಿಲ್ಲ. ಅದು ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. ನನ್ನನ್ನು ದಾಟಿ ಆಚೆ ನೋಡಲು ಬಹಳ ಹೆಣಗಿತು. ನನಗೆ ಸರಿಯಲು ಬರುವುದಿಲ್ಲ. ಬಂದಿದ್ದರೂ ಸರಿಯಬಾರದಾಗಿತ್ತು. ಡಬ್ಬಿಯಾಗಿ ನಾನು ಒಂದಷ್ಟು ಇಂಗು ಕಾದೆ. ಟ್ಯಾಂಕಾಗಿ ಒಂದು ಹನಿ ನೀರು ಹಿಡಿಯಲಿಲ್ಲ. ಇದ್ದ ಜಾಗದಲ್ಲಿ ಇದ್ದೆ, ಅಷ್ಟೇ ನನ್ನ ಕೆಲಸ. ನಿಜದ ಟ್ಯಾಂಕು ಕೂಡ ಅಷ್ಟೇ ಮಾಡಿತ್ತು. ಅದನ್ನು ಅವತ್ತು ಯಾರೂ ಕೇಳಲಿಲ್ಲ.

ಅವರು ಎದ್ದು ನಿಂತಾಗ ಕೆನ್ನೆಗೆ ಹಸಿರು ಹೊಟ್ಟು ಅಂಟಿತ್ತು. ಒಳಗೆ ಹೋಗಿ, ಟ್ರಂಕಿನ ಸೀರೆಯ ಮಡಿಕೆಯೊಳಗೆ ಇಟ್ಟಿದ್ದ ಪತ್ರ ತಂದರು. ಎಂಜಿನ್ನಿಗೆ ಬಳಿಯುವ ಕರಿ ಬಣ್ಣದ ಶೀಶೆಯ ಮುಚ್ಚಳ ಬಿಗಿದಿತ್ತು, ಹಲ್ಲಿನಿಂದ ತಿರುಗಿಸಿದರು. ಮಾಸ್ತರರ ಎಡಗೈ ಹೆಬ್ಬೆಟ್ಟನ್ನು ಅದ್ದಿ, ಸಹಿಯಿಲ್ಲದ ಜಾಗದಲ್ಲಿ ಒತ್ತಿಸಿದರು. ಮಾಸ್ತರರ ಗಂಟಲಿನಿಂದ ಒಂದು ಸದ್ದು ಬಂತು. ಅದು ಅಳುವೋ, ಹೆಂಡತಿಯ ಹೆಸರೋ, ನನಗೆ ತಿಳಿಯಲಿಲ್ಲ.

“ಸುಮ್ನಿರ್ರಿ. ಗೊತ್ತಾತು,” ಎಂದರು ಸಿಂಧೂಬಾಯಿ.

ಅವರು ಕೆಳಗೆ ತಮ್ಮ ಕೈಯಿಂದ ಬರೆದರು: ‘ಇದು ಇವರದೇ ಹೆಬ್ಬೆಟ್ಟು. ಎಂಟು ತಿಂಗಳು ತಡೆದವಳು ನಾನು.’ ಲಕೋಟೆಯ ಮೇಲಿದ್ದ ಗೌರವ್ವನ ಹೆಸರಿನ ಮೇಲೆ ಗೆರೆ ಎಳೆದು, ರೇಣವ್ವ, ಅಣ್ಣಿಗೇರಿ ಎಂದು ಬರೆದರು. ಓಣಿಯ ಹೆಸರು ಗೊತ್ತಿರಲಿಲ್ಲ. ‘ಪಾಯಿಂಟ್ಸ್‌ಮನ್ ಫಕೀರಪ್ಪನವರ ಮಗಳು’ ಎಂದು ಸೇರಿಸಿದರು.

ಕಿಟಕಿಯಿಂದ ನನಗೆ ಎದುರಿನ ಕಿರಾಣಿ ಅಂಗಡಿ ಕಾಣುತ್ತದೆ. ಅದರ ಗೋಡೆಗೆ ಟಪಾಲಿನ ಕೆಂಪು ಡಬ್ಬಿ ನೇತುಹಾಕಿದ್ದಾರೆ, ಅದೂ ನನ್ನ ಹಾಗೆ ತಗಡೇ. ಸಿಂಧೂಬಾಯಿಯವರು ಚಪ್ಪಲಿಯಿಲ್ಲದೆ ರಸ್ತೆ ದಾಟಿದರು. ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹೆಂಗಸೊಬ್ಬಳು, “ಏನ್ರಿ ಬಾಯಾರ, ಯಾರಿಗೆ ಪತ್ರ?” ಎಂದು ಕೂಗಿ ಕೇಳಿದಳು.

“ನಮ್ಮನಿಯವರು ಒಬ್ಬಾಕಿಗೆ ಕೊಡಬೇಕಾಗಿತ್ತು,” ಎಂದರು ಇವರು, ಇಡೀ ಓಣಿಗೆ ಕೇಳುವ ಹಾಗೆ. “ಆಕಿ ಸತ್ಲು. ಮಗಳಿಗೆ ಕಳಸಾಕತ್ತೇನಿ.”

ಲಕೋಟೆ ಡಬ್ಬಿಯ ಬಾಯಲ್ಲಿ ಅರ್ಧ ಹೋಗಿ ಸಿಕ್ಕಿಕೊಂಡಿತು. ಅವರು ಇನ್ನೊಂದು ಕೈಯನ್ನೂ ಸೇರಿಸಿ ಒಳಗೆ ತಳ್ಳಿದರು.